ಪೊರಕೆ ಹಿಡಿದವಳ ಮೇಲೆ ಕೆಂಪು ಗೆರೆ

ಕಾಲೇಜಿನಲ್ಲಿ ಶಬ್ದ ನಿಯಂತ್ರಣ ಸಮಿತಿ ಅಂತ ಒಂದು ಹುಟ್ಟಿಕೊಂಡಿತು. ಅದರ ಕಣ್ಣು ಮೊಟ್ಟಮೊದಲು ಬಿದ್ದದ್ದು ಕಹಳೆಯ ಬಾಯಿಯ ಮೇಲೆ.

ಅವಳನ್ನು ಕಹಳೆ ಅಂತ ಮೊದಲು ಕರೆದವನು ಜಲ್ಲಿ ಕ್ರಷರಿನ ಮೇಸ್ತ್ರಿ. ಪ್ರಾಯವೆಲ್ಲ ಅವಳು ಅಲ್ಲೇ ಕಳೆದಿದ್ದಳು. ಒಂದು ಕಡೆಯಿಂದ ಬಂಡೆ ಒಳಗೆ ಹೋಗುತ್ತಿತ್ತು, ಇನ್ನೊಂದು ಕಡೆಯಿಂದ ಪುಡಿಯಾಗಿ ಬರುತ್ತಿತ್ತು. ಮನುಷ್ಯರೂ ಅಷ್ಟೆ. ಅವಳ ಗಂಡ ಆ ಧೂಳು ಕುಡಿದು ಕುಡಿದು ಕೆಮ್ಮಿಯೇ ಸತ್ತ. ಅವಳ ಕಿವಿ ಮಂದವಾಯಿತು. ಆ ಯಂತ್ರದ ಪಕ್ಕದಲ್ಲಿ ನೀರು ಬೇಕು ಅಂತ ಕೇಳಬೇಕಾದರೂ ಕಿರುಚಬೇಕು. ಕಿರುಚಿ ಕಿರುಚಿ ಗಂಟಲು ಅದಕ್ಕೇ ಒಗ್ಗಿಹೋಯಿತು. ಕ್ರಷರು ಬಿಟ್ಟಳು, ದನಿ ಅವಳನ್ನು ಬಿಡಲಿಲ್ಲ. ಅವಳು ಗುಟ್ಟು ಹೇಳಿದರೆ ಮೇಲಿನ ಮಹಡಿಯವರಿಗೂ ಗೊತ್ತಾಗುತ್ತಿತ್ತು. ಹೀಗಾಗಿ ಅವಳಿಗೆ ಯಾರೂ ಗುಟ್ಟು ಹೇಳುತ್ತಿರಲಿಲ್ಲ.

ಕಾಲೇಜಿನಲ್ಲಿ ಅವಳ ಕೆಲಸ ಗುಡಿಸುವುದು, ಒರೆಸುವುದು, ಕಕ್ಕಸು ತೊಳೆಯುವುದು. ಬೆನ್ನು ಬಗ್ಗಿದರೆ ಊಟದ ಹೊತ್ತಿಗೆ ಏಳುತ್ತಿತ್ತು. ಫಿನಾಯಿಲು, ಆಸಿಡ್ಡಿಗೆ ಬೆರಳ ಸಂದುಗಳು ಬಿರಿದು, ತುತ್ತು ಕಲಸಿದರೆ ಉರಿಯುತ್ತಿದ್ದವು. ಜೊತೆಗೆ ಇನ್ನೂ ಕೆಲವು ಹೆಂಗಸರಿದ್ದರು. ಅವರಲ್ಲಿ ಹಿರಿಯಳಿಗೆ ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಕೂರುವುದಕ್ಕೆ, ಉಣ್ಣುವುದಕ್ಕೆ ಹಿಂದಿನ ಗೋಡೆಗೆ ತಾಗಿದ ಒಂದು ತಗಡಿನ ಶೆಡ್ಡು.

ಅದೇ ಕಾಲೇಜಿನಲ್ಲಿ ಕಹಳೆಯ ಮಗಳು ಓದುತ್ತಿದ್ದಳು. ಮಗಳು ಮುಂದಿನ ಗೇಟಿನಿಂದ ಬರುತ್ತಿದ್ದಳು, ತಾಯಿ ಹಿಂದಿನ ಗೇಟಿನಿಂದ. ಅದು ತಾಯಿಯೇ ಮಾಡಿದ ಕಾಯಿದೆ. "ನನ್ನ ಕಂಡ್ರೂ ಕಾಣದ ಹಾಗೆ ಹೋಗು. ನಿನ್ನ ಪಾಡಿಗೆ ನೀನು ಓದ್ಕೋ" ಅಂದಿದ್ದಳು. ಮಗಳು ಹಾಗೇ ನಡೆದುಕೊಳ್ಳುತ್ತಿದ್ದಳು. ಒಮ್ಮೊಮ್ಮೆ ತೀರಾ ಚೆನ್ನಾಗಿ ನಡೆದುಕೊಳ್ಳುತ್ತಾಳೆ ಅನ್ನಿಸಿ ಕಹಳೆಗೆ ಎದೆಯೊಳಗೆ ಚುರುಕ್ಕೆನ್ನುತ್ತಿತ್ತು. ನುಂಗಿಕೊಳ್ಳುತ್ತಿದ್ದಳು.

ಸಮಿತಿಯ ಅಧ್ಯಕ್ಷರು ಒಬ್ಬ ಪ್ರೊಫೆಸರು. ತರಗತಿಯಲ್ಲಿ ಪಾಠಕ್ಕಿಂತ ಹೆಚ್ಚಾಗಿ 'ಶ್' ಅನ್ನುತ್ತಿದ್ದುದರಿಂದ ಹುಡುಗರು ಅವರಿಗೆ ಶ್ ಸಾರ್ ಅಂತಲೇ ಹೆಸರಿಟ್ಟಿದ್ದರು. ಒಂದು ಬೆಳಿಗ್ಗೆ ಕಹಳೆ ಮೆಟ್ಟಿಲು ಒರೆಸುತ್ತಿದ್ದಾಗ ಹುಡುಗಿಯರ ಹಿಂಡೊಂದು ಓಡಿಬಂತು. "ಹುಷಾರ್‌ರೋ, ನೆಲ ಒದ್ದೆ!" ಅಂತ ಕಹಳೆ ಕೂಗಿದಳು. ಹುಡುಗಿಯರು ನಿಂತರು. ಯಾರೂ ಬೀಳಲಿಲ್ಲ. ಆದರೆ ಮೇಲೆ ಪಾಠ ಮಾಡುತ್ತಿದ್ದ ಶ್ ಸಾರ್ ಸೀಮೆಸುಣ್ಣ ಹಿಡಿದೇ ಇಳಿದುಬಂದರು.

"ಏನಮ್ಮಾ ಇದು? ಕಾಲೇಜೋ ಸಂತೆಯೋ?"

"ಜಾರ್‌ತಾ ಇದ್ರು ಸಾರ್."

"ಮೆತ್ತಗೆ ಹೇಳೋಕಾಗಲ್ವಾ?"

"ಮೆತ್ತಗೆ ಹೇಳಿದ್ರೆ ಬಿದ್ದಮೇಲೆ ಕೇಳಿಸುತ್ತೆ ಸಾರ್" ಅಂದಳು ಕಹಳೆ.

ಹುಡುಗಿಯರು ಕಿಸಕ್ಕನೆ ನಕ್ಕರು. ಶ್ ಸಾರ್ ನಗಲಿಲ್ಲ. ಜೇಬಿನಿಂದ ಫೋನು ತೆಗೆದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಇನ್ನೊಬ್ಬ ಹುಡುಗ ಕಾಣಿಸಿದ. ಕಹಳೆ ಮತ್ತೆ ಬಾಯಿ ತೆರೆದಳು. ಫೋನು ಕ್ಲಿಕ್ಕೆಂದಿತು.

ಆಮೇಲೆ ಸಮಿತಿಯ ಸಭೆ. ದೊಡ್ಡ ಮೇಜು, ಸುತ್ತ ಮೆತ್ತನೆಯ ಕುರ್ಚಿ. ಗೋಡೆಗೆ ಕಾಲೇಜಿನ ನಕ್ಷೆ. ಗ್ರಂಥಾಲಯ, ತರಗತಿ, ಕಚೇರಿ ಎಲ್ಲಕ್ಕೂ ಹಸಿರು ಬಣ್ಣ. ಅಲ್ಲಿ ಸೂಜಿ ಬಿದ್ದರೂ ಕೇಳಬೇಕು. ಒಂದು ಮೂಲೆಗೆ ಮಾತ್ರ ಕೆಂಪು. ಕಾಲೇಜಿನ ಸದ್ದನ್ನೆಲ್ಲ ಅಲ್ಲಿಗೆ ಸಾಗಿಸಬೇಕು ಅನ್ನುವುದು ಶ್ ಸಾರ್ ಯೋಜನೆ. ಜನರೇಟರು, ನೀರಿನ ಪಂಪು, ಮರ ಕೊಯ್ಯುವ ಯಂತ್ರ, ಎಲ್ಲ. ಅವರು ಶಬ್ದ ನಿಯಂತ್ರಣದ ಬಗ್ಗೆ ಮೈಕು ಹಿಡಿದು ಮಾತಾಡುತ್ತಿದ್ದರು. ಹಾಗಾಗಿ ಮೇಜಿನ ಕೆಳಗೆ ಒರೆಸುತ್ತಿದ್ದ ಕಹಳೆಯ ಮಂದ ಕಿವಿಗೂ ಎಲ್ಲ ಸ್ಪಷ್ಟವಾಗಿ ಕೇಳಿಸಿತು.

ಪ್ರಿನ್ಸಿಪಾಲರು ಕೇಳಿದರು, "ಆ ಕೆಂಪು ಜಾಗದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಸಾರ್" ಅಂದರು ಶ್ ಸಾರ್.

ಅದು ತಗಡಿನ ಶೆಡ್ಡಿನ ಜಾಗ. ಕಹಳೆ ಒರೆಸುವ ಕೋಲನ್ನು ಪ್ರಿನ್ಸಿಪಾಲರ ಕುರ್ಚಿಯ ಅಡಿಗೆ ತಂದಳು. ಅವರು ಎರಡೂ ಕಾಲು ಮೇಲೆತ್ತಿ ದಾರಿ ಬಿಟ್ಟರು. ಎತ್ತಿದ ಕಾಲಿನಲ್ಲೇ, "ಯಾರೂ ಇಲ್ದಿದ್ರೆ ಸರಿ, ಹಾಕ್ಸಿ" ಅಂದರು.

ಕಹಳೆ ಅವರ ಬೂಟಿನ ತಳ ನೋಡಿದಳು. ನೆಲ ಒರೆಸಿದಳು. ಎದ್ದು ಹೋದಳು.

ಜನರೇಟರು ಬಂದದ್ದು ಲಾರಿಯಲ್ಲಿ. ಆನೆಯಷ್ಟು ದಪ್ಪ ಇತ್ತು. ಅದನ್ನು ಶೆಡ್ಡಿಗೆ ಒತ್ತಿಕೊಂಡಂತೆ ಕೂರಿಸಿದರು. ಶುರುವಾದರೆ ತಗಡು ನಡುಗುತ್ತಿತ್ತು. ನೆಲಕ್ಕಿಟ್ಟ ಊಟದ ಡಬ್ಬಿ ತಾನೇ ತೆವಳಿಕೊಂಡು ದೊಡ್ಡಕ್ಕನ ಕಡೆಯಿಂದ ಕಹಳೆಯ ಕಡೆಗೆ ಬರುತ್ತಿತ್ತು. "ನನ್ನ ಊಟಕ್ಕೂ ನೀನೇ ಇಷ್ಟ ಕಣೇ" ಅಂತ ದೊಡ್ಡಕ್ಕ ಕೂಗುತ್ತಿದ್ದಳು. ಕಹಳೆಗೆ ಕೇಳುತ್ತಿರಲಿಲ್ಲ. ಯಾರದೂ ಯಾರಿಗೂ ಕೇಳುತ್ತಿರಲಿಲ್ಲ. ಹೊಗೆ ತುತ್ತಿನ ಮೇಲೆ ಕೂರುತ್ತಿತ್ತು. ಅರ್ಧ ಉಂಡು ಏಳುತ್ತಿದ್ದರು. ಸಂಜೆಗೆ ತಲೆ ಸಿಡಿಯುತ್ತಿತ್ತು. ಉಳಿದ ಹೆಂಗಸರೂ ಈಗ ಕಹಳೆಯ ಹಾಗೆ ಕಿರುಚಿ ಮಾತಾಡುವುದನ್ನು ಕಲಿತರು. ಕಿರುಚಿದ್ದಕ್ಕೆ ಮತ್ತೆ ಬೈಸಿಕೊಂಡರು.

ಜನರೇಟರಿನ ಹಿಂದೆಯೇ ಬೋರ್ಡುಗಳು ಬಂದವು.

ಬೆಳಿಗ್ಗೆ ಹೆಂಗಸರು ಪೊರಕೆ ಹಿಡಿದು ಹೋಗುವಾಗ ಮೊದಲನೇದು ಗ್ರಂಥಾಲಯದ ಬಾಗಿಲಲ್ಲಿ ಕಂಡಿತು. ಬಿಳಿ ತಗಡಿನ ಮೇಲೆ ಕಪ್ಪು ಚಿತ್ರ. ತಲೆಗೆ ಬಟ್ಟೆ ಕಟ್ಟಿದ, ರವಿಕೆಯ ತೋಳು ಮಡಿಸಿದ ಹೆಂಗಸು. ಕೈಯಲ್ಲಿ ಪೊರಕೆ. ಬಾಯಿ ಗುಹೆಯ ಹಾಗೆ ತೆರೆದಿದೆ. ಮೈಮೇಲೆ ಮೇಲಿಂದ ಕೆಳಕ್ಕೆ ಓರೆಯಾಗಿ ದಪ್ಪ ಕೆಂಪು ಗೆರೆ. ಕೆಳಗೆ ಒಂದಕ್ಷರವೂ ಇಲ್ಲ. "ಲೋಕದ ಯಾವ ಮೂಲೆಯವರು ಬಂದ್ರೂ ಚಿತ್ರ ನೋಡಿದ ತಕ್ಷಣ ಅರ್ಥ ಆಗ್ಬೇಕು, ಅಕ್ಷರ ಯಾಕೆ?" ಅಂದಿದ್ದರಂತೆ ಶ್ ಸಾರ್.

ದೊಡ್ಡಕ್ಕ ಚಿತ್ರ ನೋಡಿದಳು. ಕಹಳೆಯನ್ನು ನೋಡಿದಳು. ಮತ್ತೆ ಚಿತ್ರ ನೋಡಿದಳು. "ಅಯ್ಯೋ, ನೀನೇ ಕಣೇ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಳಿದವರೂ ನಕ್ಕರು. ಕಹಳೆಯೂ ನಕ್ಕಳು. ಮುಂದಿನ ಬಾಗಿಲಲ್ಲೂ ಅದೇ ಬೋರ್ಡು. ಮೆಟ್ಟಿಲಲ್ಲಿ, ಕಾರಿಡಾರಿನಲ್ಲಿ, ಕಕ್ಕಸಿನ ಗೋಡೆಯಲ್ಲಿ. ಪ್ರಿನ್ಸಿಪಾಲರ ಕೋಣೆಯ ಬಾಗಿಲಲ್ಲೂ. ಹೋದಲ್ಲೆಲ್ಲ ಅವಳ ಮುಖ, ಅವಳ ಬಾಯಿ, ಅವಳ ಮೇಲೆ ಗೆರೆ. ನಗು ನಿಧಾನಕ್ಕೆ ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಹುಡುಗರಿಗೆ ಅದೊಂದು ಆಟವಾಗಿತ್ತು. ಬೋರ್ಡಿನ ಪಕ್ಕ ನಿಂತು, ಬಾಯಿ ಅಷ್ಟಗಲ ತೆರೆದು, ಸಿಕ್ಕಿದ ಕೋಲನ್ನು ಪೊರಕೆಯ ಹಾಗೆ ಹಿಡಿದು ಫೋಟೋ ತೆಗೆಸಿಕೊಳ್ಳುವುದು. ಕಹಳೆ ಬಕೆಟ್ಟು ಹಿಡಿದು ಕಾರಿಡಾರಿನ ತಿರುವಿಗೆ ಬಂದಳು. ಹುಡುಗಿಯರ ಗುಂಪು. ಒಬ್ಬಳು ಬಾಯಿ ತೆರೆದು ನಿಂತಿದ್ದಾಳೆ, ಉಳಿದವರು ನಗುತ್ತಿದ್ದಾರೆ. ನಗುವವರಲ್ಲಿ ಅವಳ ಮಗಳು.

ಮಗಳು ಅವಳನ್ನು ನೋಡಿದಳು. ನಗು ಮುಖದ ಮೇಲೆ ಹಾಗೇ ಉಳಿಯಿತು. ಒಳಗಿನಿಂದ ಯಾರೋ ಎದ್ದುಹೋದ ಮನೆಯ ಹಾಗೆ.

ಕಹಳೆ ಕಂಡರೂ ಕಾಣದ ಹಾಗೆ ಹೋದಳು.

ಅವಳ ಮೈದುನ, ಗಂಡನ ತಮ್ಮ, ಪಕ್ಕದ ಮನೆಯಲ್ಲಿದ್ದ. ಬೋರ್ಡು ಬರೆಯುವುದೇ ಅವನ ಕಸುಬು. ಈ ಬೋರ್ಡುಗಳನ್ನು ಬರೆದವನೂ ಅವನೇ. ಸಂಜೆ ಕಹಳೆ ಅವನ ಬಾಗಿಲಲ್ಲಿ ನಿಂತು ಶುರುಮಾಡಿದಳು. ಬೀದಿಯ ಕೊನೆಯ ಮನೆಯವರೂ ಹೊರಗೆ ಬಂದರು.

"ಏನೋ, ಅತ್ತಿಗೆ ಅಂದ್ರೆ ತಾಯಿ ಸಮ ಅಂತಾರೆ. ತಾಯಿ ಮೈಮೇಲೆ ಗೆರೆ ಎಳೀತೀಯೇನೋ?"

"ಬೈಬೇಡಿ ಅತ್ತಿಗೆ. ಆ ಸಾರ್ ಒಂದು ಫೋಟೋ ಕೊಟ್ರು. ಮುಖ ಅಲ್ಲಾಡಿತ್ತು, ಬಾಯಿ ಒಂದು ಕಾಣ್ತಿತ್ತು. ಇದನ್ನ ನೋಡಿ ಬರಿ ಅಂದ್ರು. ಬರೀತಾ ಬರೀತಾ ಎಲ್ಲೋ ನೋಡಿದೀನಲ್ಲಾ ಈ ಬಾಯಿ ಅನ್ನಿಸ್ತು. ಗೊತ್ತಾಗೋ ಹೊತ್ತಿಗೆ ಬಣ್ಣ ಒಣಗಿತ್ತು."

"ನನ್ನ ಮೂಗು ಅಷ್ಟು ದಪ್ಪ ಇದೆಯೇನೋ?"

ಮೈದುನ ಉತ್ತರ ಕೊಡುವ ತಪ್ಪು ಮಾಡಲಿಲ್ಲ. ತಲೆ ತಗ್ಗಿಸಿ, "ನಾಳೆನೇ ಹೋಗಿ ಎಲ್ಲಾನೂ ಅಳಿಸಿಬಿಡ್ತೀನಿ" ಅಂದ.

"ಅಳಿಸ್ಬೇಡ" ಅಂದಳು ಕಹಳೆ. ಯಾಕೆ ಹಾಗಂದಳೋ ಅವಳಿಗೇ ಆಗ ಗೊತ್ತಿರಲಿಲ್ಲ.

ಮನೆಯೊಳಗೆ ಮಗಳು ಪುಸ್ತಕ ತೆರೆದು ಕೂತಿದ್ದಳು. ಹಾಳೆ ತಿರುಗಿಸುತ್ತಿರಲಿಲ್ಲ.

"ಅಮ್ಮಾ, ನಾನು ನಗದಿದ್ರೆ ಯಾಕೆ ನಗ್ತಾ ಇಲ್ಲ ಅಂತ ಕೇಳ್ತಿದ್ರು."

"ಹ್ಞೂಂ."

"ಬೈಯ್ಯಮ್ಮಾ."

"ಬೀದಿಗೆಲ್ಲ ಕೇಳೋ ಹಾಗೆ ಬೈದು ಬಂದೆ, ಗಂಟಲು ಬತ್ತಿದೆ. ನೀರು ಕೊಡು" ಅಂದಳು ಕಹಳೆ. ಮಗಳು ನೀರು ತಂದುಕೊಟ್ಟಳು.

ಮಾರನೆಯ ದಿನ ಕಹಳೆ ಬಾಯಿ ಹೊಲಿದುಕೊಂಡಳು. ಬೋರ್ಡು ಹೇಳಿದ ಹಾಗೆ ಇರೋಣ, ನೋಡೋಣ ಅಂದುಕೊಂಡಳು. ಕಾರಿಡಾರು ಒರೆಸುತ್ತಿದ್ದಾಗ ಆ ತುದಿಯಿಂದ ಲೆಕ್ಕದ ಮೇಡಂ ಬಂದರು. ಕಹಳೆ ಬಾಯಿ ತೆರೆಯಲು ಹೋದಳು. ಎದುರಿಗೇ ಬೋರ್ಡು, ತನ್ನದೇ ಬಾಯಿ, ಮೇಲೆ ಗೆರೆ. ಮುಚ್ಚಿಕೊಂಡಳು. ಎರಡೂ ಕೈ ಎತ್ತಿ ಬೀಸಿದಳು. ಇವತ್ತು ಕಹಳೆಗೆ ಏನೋ ಬಹಳ ಖುಷಿ ಅಂದುಕೊಂಡ ಮೇಡಂ ತಾವೂ ನಗುತ್ತಾ ಕೈ ಬೀಸಿದರು. ಬೀಸಿದ ಕೈ ಬೀಸಿದಂತೆಯೇ ಜಾರಿ ಕೂತರು.

ಮೊಣಕಾಲು ಊದಿತು. ಜನ ಸೇರಿದರು. ಶ್ ಸಾರ್ ಓಡಿಬಂದರು.

"ಕಣ್ಣೆದುರಿಗೆ ಬರ್ತಿರೋರಿಗೆ ನೆಲ ಒದ್ದೆ ಅಂತ ಹೇಳೋಕಾಗಲ್ವಾ? ಬಾಯಿಲ್ವಾ ನಿನಗೆ?"

ಕಹಳೆ ಬೋರ್ಡಿನ ಕಡೆ ಬೆರಳು ತೋರಿಸಿದಳು.

"ಎದುರುತ್ತರ ಬೇರೆ!" ಅಂದರು ಶ್ ಸಾರ್. ಅವಳು ತುಟಿ ಎರಡು ಮಾಡಿರಲಿಲ್ಲ.

"ಅವಳದ್ದೇನೂ ತಪ್ಪಿಲ್ಲ ಬಿಡಿ ಸಾರ್, ಕೈ ಬೀಸಿದಳು" ಅಂದರು ಮೇಡಂ. ಅದನ್ನು ಕೇಳುವ ವ್ಯವಧಾನ ಶ್ ಸಾರ್‌ಗಿರಲಿಲ್ಲ. ಒರೆಸುವ ಕೋಲನ್ನು ಕಾಲಿನಿಂದ ಆಚೆ ತಳ್ಳಿದರು. "ಬಟ್ಟೆ ತಗೋ. ಮಂಡಿ ಊರು. ಒಂದು ಹನಿ ಇರಬಾರದು. ಒಣಗೋ ತನಕ ಏಳಕೂಡದು" ಅಂದರು.

ಕಹಳೆ ಮಂಡಿಯೂರಿದಳು. ಕಾರಿಡಾರು ಉದ್ದಕ್ಕಿತ್ತು. ಬಟ್ಟೆ ಎಳೆದಳು, ಹಿಂಡಿದಳು, ಎಳೆದಳು. ಗಾರೆಯ ಮೇಲೆ ಮೂಳೆ ಉಜ್ಜಿತು. ಗಂಟೆ ಹೊಡೆಯಿತು. ತರಗತಿಗಳು ಬಿಟ್ಟವು. ಬೂಟು, ಚಪ್ಪಲಿ, ಬೂಟು. ಎಲ್ಲ ಅವಳ ಕೈ ಪಕ್ಕದಿಂದ ಹೋದವು. ಕೆಲವು ಸುತ್ತುಹಾಕಿ ಹೋದವು, ಒಂದು ಬೆರಳ ಮೇಲೆಯೇ ಹೋಯಿತು. ಒಂದು ಜೊತೆ ಚಪ್ಪಲಿ ಮಾತ್ರ ಹೋಗಲಿಲ್ಲ. ಅದರ ಕಿತ್ತ ಬಾರನ್ನು ಕಹಳೆಯೇ ಮನೆಯಲ್ಲಿ ಸೂಜಿ ಹಿಡಿದು ಹೊಲಿದಿದ್ದಳು. ತಲೆ ಎತ್ತಲಿಲ್ಲ. "ಹೋಗು" ಅಂದಳು. ಜೀವನದಲ್ಲಿ ಮೊದಲ ಸಲ ಅವಳ ದನಿ ಸಣ್ಣಗೆ ಬಂತು. ಚಪ್ಪಲಿಗಳು ಹೋದವು.

ಅವತ್ತು ಶೆಡ್ಡಿಗೆ ಬಂದಾಗ ಅವಳ ಮಂಡಿಯ ಚರ್ಮ ಸುಲಿದಿತ್ತು. ದೊಡ್ಡಕ್ಕ ಬಟ್ಟೆ ಒದ್ದೆ ಮಾಡಿ ಒತ್ತಿದಳು. ಜನರೇಟರು ಗುಡುಗುತ್ತಿತ್ತು. ಕಹಳೆ ಅದಕ್ಕಿಂತ ಜೋರಾಗಿ ಕೂಗಿದಳು.

"ಬಾಯಿ ಬಿಟ್ರೂ ತಪ್ಪು, ಮುಚ್ಚಿದ್ರೂ ತಪ್ಪು. ಮತ್ತೆ ಸರಿ ಯಾವುದು?"

"ನಾವು ಇರೋದೇ ತಪ್ಪು" ಅಂತ ದೊಡ್ಡಕ್ಕ ಕೂಗಿದಳು.

ಕಹಳೆಯ ಮುಖ ನಿಧಾನಕ್ಕೆ ಅರಳಿತು. ಕ್ರಷರಿನಲ್ಲಿ ಮೇಸ್ತ್ರಿಯ ಚಪ್ಪಲಿಯೊಳಗೆ ಜಲ್ಲಿ ಹಾಕುತ್ತಿದ್ದ ಕಾಲದ ಮುಖ ಅದು. "ಹೌದಲ್ಲೇ! ಬೋರ್ಡೂ ಅದನ್ನೇ ಹೇಳ್ತಿದೆ" ಅಂದಳು.

ಬೆಳಿಗ್ಗೆ ಹೆಂಗಸರೆಲ್ಲ ಹೊತ್ತಿಗೆ ಸರಿಯಾಗಿ ಬಂದರು. ಪೊರಕೆ ಹಿಡಿದರು. ಬಕೆಟ್ಟು ತುಂಬಿಸಿದರು. ದೊಡ್ಡ ಬಾಗಿಲ ತನಕ ಸಾಲಾಗಿ ನಡೆದರು. ಅಲ್ಲಿ ಬೋರ್ಡು ನೋಡಿ ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿರುಗಿ ಶೆಡ್ಡಿಗೆ ಬಂದರು. ಇಡೀ ಕಾಲೇಜಿನಲ್ಲಿ ಬೋರ್ಡು ಇಲ್ಲದ ಜಾಗ ಅದೊಂದೇ. ಅದನ್ನು ಗುಡಿಸಿದರು. ತೊಳೆದರು. ಮತ್ತೆ ಗುಡಿಸಿದರು. ತಗಡು ಉಜ್ಜಿದರು. ಜನರೇಟರಿನ ಮೈಯನ್ನೂ ಒರೆಸಿ, ಮದುವೆ ಹೆಣ್ಣಿನ ಹಾಗೆ ಥಳಥಳ ಅನ್ನಿಸಿದರು. ಸಂಜೆಗೆ ಮನೆಗೆ ಹೋದರು.

ಮರುದಿನವೂ ಅದೇ. ತರಗತಿಗಳಲ್ಲಿ ಕಾಗದ, ತಿಂಡಿಯ ಪೊಟ್ಟಣ ರಾಶಿಬಿದ್ದವು. ಕಸದ ಡಬ್ಬಗಳು ತುಂಬಿ ತುಳುಕಿದವು. ಕಕ್ಕಸುಗಳ ಕಡೆಗೆ ಹೋದವರು ಹೋದಷ್ಟೇ ಬೇಗ ಓಡಿಬಂದರು. ಶ್ ಸಾರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಶೆಡ್ಡಿಗೆ ಬಂದರು. ಆ ಜಾಗಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು.

"ಯಾಕೆ ಒಳಗೆ ಬರ್ತಿಲ್ಲ ನೀವು?"

"ಬೋರ್ಡಿದೆ ಸಾರ್" ಅಂದಳು ಕಹಳೆ.

"ಇದ್ರೆ?"

"ಪೊರಕೆ ಹಿಡಿದ ಹೆಂಗಸು ಒಳಗೆ ಬರಕೂಡದು ಅಂತಿದೆ."

"ಅದು ಗಲಾಟೆ ಮಾಡಬಾರದು ಅಂತ!"

"ಗಲಾಟೆ ಎಲ್ಲಿದೆ ಸಾರ್ ಅದರಲ್ಲಿ? ಬಾಯಿ ತೆರೆದಿದ್ದಾಳೆ ಅಷ್ಟೆ. ಆಕಳಿಕೆ ಇರಬಹುದು. ಹಲ್ಲುನೋವಿರಬಹುದು. ಗೆರೆ ಬಾಯಿ ಮೇಲಿಲ್ಲ ಸಾರ್, ತಲೆಯಿಂದ ಕಾಲಿನ ತನಕ ಇದೆ."

ದೊಡ್ಡಕ್ಕ ಕೈ ಮುಗಿದು ಮುಂದೆ ಬಂದಳು. "ದಡ್ಡರು ನಾವು, ಬಿಡಿಸಿ ಹೇಳಿ ಸಾರ್. ಗೇಟಿನ ಹತ್ರ ನಾಯಿ ಚಿತ್ರಕ್ಕೆ ಇದೇ ಥರ ಗೆರೆ ಎಳೆದಿದ್ದೀರಲ್ಲ. ನಾಯಿ ಬರಬಹುದು, ಬೊಗಳಬಾರದು ಅಂತಾನಾ ಅದು?"

ಜನರೇಟರಿನ ಸದ್ದಿಗೆ ಶ್ ಸಾರ್‌ಗೆ ಅದು ಕೇಳಿಸಲಿಲ್ಲ. "ಏನು?" ಅಂತ ಕೂಗಿದರು. ದೊಡ್ಡಕ್ಕ ಇನ್ನೂ ಜೋರಾಗಿ ಹೇಳಿದಳು. "ಆಂ?" ಅಂದರು. ಮೂರನೇ ಸಲಕ್ಕೆ ಹೆಂಗಸರೆಲ್ಲ ಒಟ್ಟಿಗೇ ಕೂಗಿ ಹೇಳಿದರು. ಅರ್ಥವಾದಾಗ ಅವರ ಕಿವಿ ಕೆಂಪಗಾಯಿತು. ನಿಲ್ಲಲಾಗದೆ ಹೊಗೆಯಲ್ಲಿ ಕೆಮ್ಮುತ್ತಾ ಹೋದರು.

ಸಂಜೆಯೊಳಗೆ ಪ್ರತಿ ಬೋರ್ಡಿನ ಕೆಳಗೂ 'ಸದ್ದು ಮಾಡಬೇಡಿ' ಅನ್ನುವ ಕಾಗದ ಅಂಟಿಸಿದರು. ಕಹಳೆ ಅದನ್ನು ಮೇಲಿಂದ ಕೆಳಕ್ಕೆ ನೋಡಿ, "ನಮಗೆ ಓದೋಕೆ ಬರಲ್ಲ ಸಾರ್. ಅದಕ್ಕೇ ಅಲ್ವಾ ನೀವು ಚಿತ್ರ ಹಾಕ್ಸಿದ್ದು?" ಅಂದಳು.

ಕಾಲೇಜಿಗೆ ಈ ಹೆಂಗಸರನ್ನು ಒದಗಿಸಿದ್ದ ಗುತ್ತಿಗೆಯವನ ಮೇಸ್ತ್ರಿ ಬಂದು ಎಗರಾಡಿದ. ಇವರನ್ನೆಲ್ಲ ಕಿತ್ತುಹಾಕುತ್ತೇನೆ ಅಂದ. ಬೇರೆ ಹೆಂಗಸರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದ. ಅವರ ಕೈಯಲ್ಲೂ ಪೊರಕೆ, ತಲೆಗೆ ಬಟ್ಟೆ. ಕಹಳೆ ಅವರನ್ನು ತಡೆಯಲಿಲ್ಲ. ಬಾಗಿಲ ತನಕ ಮರ್ಯಾದೆಯಿಂದ ಕರೆದುಕೊಂಡು ಹೋಗಿ ಬೋರ್ಡು ತೋರಿಸಿದಳು. ಆಮೇಲೆ ತನ್ನ ಮಂಡಿ ತೋರಿಸಿದಳು. ಬಂದ ಹೆಂಗಸರು ಚಿತ್ರ ನೋಡಿದರು, ಮಂಡಿ ನೋಡಿದರು. ಅವರಲ್ಲೊಬ್ಬಳು ಮೇಸ್ತ್ರಿಗೆ, "ಏನಣ್ಣಾ, ಬರಬೇಡಿ ಅಂತ ಚಿತ್ರ ಬರೆಸಿ ಹಾಕಿರೋ ಮನೆಗೆ ಕರ್ಕೊಂಡು ಬಂದಿದ್ದೀಯಲ್ಲ, ನಾಚಿಕೆ ಆಗಲ್ವಾ?" ಅಂದಳು. ವ್ಯಾನು ಬಂದ ದಾರಿಯಲ್ಲೇ ಹೋಯಿತು.

ಆ ವಾರವೇ ಕಾಲೇಜಿಗೆ ಅಂಕ ಕೊಡುವ ದೊಡ್ಡವರ ತಂಡವೊಂದು ಬರುವುದಿತ್ತು. ನಾತ ಪ್ರಿನ್ಸಿಪಾಲರ ಕೋಣೆಯನ್ನೂ ಬಿಟ್ಟಿರಲಿಲ್ಲ. ಅವರು ಕಹಳೆಗೆ ಹೇಳಿಕಳಿಸಿದರು. ಅವಳು ಪೊರಕೆ ಸಮೇತ ಬಂದು ಬಾಗಿಲ ಹೊರಗೆ ನಿಂತಳು.

"ಒಳಗೆ ಬಾ."

ಅವಳು ಬಾಗಿಲ ಮೇಲಿನ ಬೋರ್ಡು ತೋರಿಸಿದಳು.

"ಪೊರಕೆ ಅಲ್ಲಿಟ್ಟು ಬಾರಮ್ಮ."

"ಪೊರಕೆ ಕೆಳಗಿಟ್ರೆ ಕೆಲಸ ಬಿಟ್ಟಳು ಅಂತೀರಿ ಸಾರ್. ನಾನು ಕೆಲಸಕ್ಕೇ ಬಂದಿದ್ದೀನಿ."

ಕೊನೆಗೆ ಪ್ರಿನ್ಸಿಪಾಲರೇ ಹೊರಗೆ ಬಂದರು. ಹಿಂದೆ ಶ್ ಸಾರ್. ತರಗತಿ ಬಿಟ್ಟ ಹೊತ್ತು, ಕಾರಿಡಾರಿನ ತುಂಬ ಹುಡುಗರು. ಕಹಳೆಯ ಹಿಂದೆ ಹೆಂಗಸರೆಲ್ಲ ಬಂದು ಗೋಡೆಗೆ ಒರಗಿ ನಿಂತರು.

"ನೋಡಮ್ಮ, ಅದು ಬರೀ ಚಿತ್ರ. ಯಾರನ್ನೂ ಉದ್ದೇಶಿಸಿದ್ದಲ್ಲ" ಅಂದರು ಪ್ರಿನ್ಸಿಪಾಲರು, ಆದಷ್ಟು ಮೆತ್ತಗೆ.

ಕಹಳೆ ಬೋರ್ಡಿನ ಪಕ್ಕ ಹೋಗಿ ನಿಂತಳು. ಬಾಯಿ ತೆರೆದಳು. ಪೊರಕೆ ಎತ್ತಿದಳು. ಕಾರಿಡಾರಿಗೆ ಕಾರಿಡಾರೇ ನಕ್ಕಿತು. ಪ್ರಿನ್ಸಿಪಾಲರು ಶ್ ಸಾರ್ ಕಡೆ ತಿರುಗಿ ನೋಡಿದರು. ಶ್ ಸಾರ್ ನೆಲ ನೋಡಿದರು.

"ಸರಿ, ತೆಗೆಸ್ತೀನಿ. ಈಗ ಹೋಗಿ ಗುಡಿಸಿ."

"ಜನರೇಟರು ಸಾರ್?"

"ಅದು ಯೋಜನೆ ಪ್ರಕಾರ ಯಾರೂ ಇಲ್ಲದ ಜಾಗದಲ್ಲಿ..."

"ಅವತ್ತು ಸಭೇಲೂ ಯಾರೂ ಇಲ್ಲ ಅಂದ್ರಿ" ಅಂದಳು ಕಹಳೆ. ಈಗ ಅವಳ ಮುಖದಲ್ಲಿ ತುಂಟತನ ಇರಲಿಲ್ಲ. "ನಾನು ಕೆಳಗೆ ಒರೆಸ್ತಾ ಇದ್ದೆ. ನೀವು ಕಾಲು ಎತ್ತಿದ್ರಿ. ಯಾರೂ ಇಲ್ದಿದ್ರೆ ಕಾಲು ಯಾರಿಗೆ ಎತ್ತಿದ್ರಿ ಸಾರ್?"

ಯಾರೂ ನಗಲಿಲ್ಲ.

ಪ್ರಿನ್ಸಿಪಾಲರು ಕನ್ನಡಕ ತೆಗೆದರು, ಹಾಕಿಕೊಂಡರು. ತುಟಿ ಅಲ್ಲಾಡಿಸಿ ಏನೋ ಅಂದರು.

"ಕೇಳಿಸ್ಲಿಲ್ಲ ಸಾರ್" ಅಂದಳು ಕಹಳೆ.

"ನೋಡೋಣ ಅಂದೆ."

"ಏನ್ ಸಾರ್?"

"ಬೇರೆ ಕಡೆ ಹಾಕೋದನ್ನ ಯೋಚಿಸೋಣ ಅಂದೆ!"

ಅವಳಿಗೆ ಅದು ಕೇಳಿಸಿತ್ತು. ಆದರೆ ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಪಾಪದ ಮುಖ ಮಾಡಿಕೊಂಡು ನಿಂತಳು. ಆಗ ಹುಡುಗಿಯರ ಗುಂಪಿನಿಂದ ಒಂದು ದನಿ ಬಂತು. ಮೊದಲು ಸ್ವಲ್ಪ ನಡುಗಿತು, ಆಮೇಲೆ ನಡುಗಲಿಲ್ಲ.

"ಸಾರ್, ಅಮ್ಮನಿಗೆ ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳ್ಬೇಕು."

"ಯಾರ ಅಮ್ಮ?" ಅಂದರು ಶ್ ಸಾರ್.

"ನಮ್ಮಮ್ಮ" ಅಂದಳು ಮಗಳು. ಗುಂಪು ಬಿಟ್ಟು ಮುಂದೆ ಬಂದು, ತಾಯಿಯ ಕೈಯಲ್ಲಿದ್ದ ಪೊರಕೆ ಇಸಿದುಕೊಂಡಳು. ಅವಳ ಹಿಂದೆ ಹುಡುಗಿಯರು ಪಿಸುಗುಟ್ಟಿದರು. ಅವಳು ತಿರುಗಿ ನೋಡಲಿಲ್ಲ. "ಜನರೇಟರ್ ಪಕ್ಕ ಕೂತೂ ಕೂತೂ ಇದ್ದ ಕಿವೀನೂ ಹೋಗ್ತಿದೆ ಸಾರ್. ಇನ್ನೂ ಜೋರಾಗಿ."

ಕಹಳೆ ಮಗಳ ಕಡೆ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದಳು, ಆಟ ಕೆಡುತ್ತಿತ್ತು.

"ಜನರೇಟರ್ ಅಲ್ಲಿಂದ ತೆಗೆಸ್ತೀನಿ!" ಅಂದರು ಪ್ರಿನ್ಸಿಪಾಲರು.

"ಏನು ಕೊಡಿಸ್ತಾರಂತೆ?" ಅಂತ ಕಹಳೆ ಮಗಳನ್ನು ಕೇಳಿದಳು.

"ಕೊಡಿಸೋದಲ್ಲಮ್ಮ. ಸಾರ್, ಯಾವತ್ತು ಅಂತ ಕೇಳ್ತಿದಾರೆ."

ಕಹಳೆ ಹಾಗೆ ಕೇಳಿರಲಿಲ್ಲ. ದೊಡ್ಡಕ್ಕ ಸೆಟೆದು ನಿಂತು ಬೇರೆ ಕಡೆ ಮುಖ ಮಾಡಿದಳು, ಭುಜ ಕುಲುಕುತ್ತಿತ್ತು.

"ನಾಳೆ!" ಅಂದರು ಪ್ರಿನ್ಸಿಪಾಲರು. ಕೊರಳ ನರ ಉಬ್ಬಿತ್ತು. "ನಾಳೆನೇ ತೆಗೆಸ್ತೀನಿ! ಆ ಜನರೇಟರನ್ನ! ಶೆಡ್ಡಿನ ಹತ್ರದಿಂದ! ಸಾಕೇನಮ್ಮಾ!"

ಆ ಕೂಗು ಕಾರಿಡಾರಿನ ಆ ತುದಿಗೆ ಬಡಿದು ವಾಪಸ್ಸು ಬಂತು. ಗ್ರಂಥಾಲಯದಿಂದ ಜನ ಎದ್ದು ಬಂದರು. ಅಂಗಳದಲ್ಲಿದ್ದವರು ಮೇಲೆ ನೋಡಿದರು. ಇಡೀ ಕಾಲೇಜು ಆ ಮಾತಿಗೆ ಸಾಕ್ಷಿಯಾಯಿತು.

"ಅಯ್ಯೋ, ಇಷ್ಟಕ್ಕೆ ಯಾಕೆ ಸಾರ್ ಕಿರುಚ್ತೀರಾ?" ಅಂದಳು ಕಹಳೆ. "ಬೋರ್ಡು ತೆಗೀರಿ, ಹಿಂದೇನೇ ಬರ್ತೀವಿ."

ಮೈದುನ ಏಣಿ ತಂದ. ಒಂದೊಂದೇ ಬೋರ್ಡು ಬಿಚ್ಚಿದ. ಯಾವ ಬಾಗಿಲಿನ ಬೋರ್ಡು ಇಳಿಯಿತೋ ಆ ಬಾಗಿಲಿನೊಳಕ್ಕೆ ಮಾತ್ರ ಹೆಂಗಸರು ಹೋದರು. ಕಕ್ಕಸಿನದ್ದನ್ನು ಎಲ್ಲಕ್ಕಿಂತ ಮೊದಲು ಬಿಚ್ಚು ಅಂತ ಪ್ರಿನ್ಸಿಪಾಲರು ಬೇಡಿಕೊಂಡರು. ಅತ್ತಿಗೆಯನ್ನು ಕೇಳಿ ಹೇಳುತ್ತೇನೆ ಅಂದ ಮೈದುನ.

ಜನರೇಟರು ನಾಳೆ ಹೋಗಲಿಲ್ಲ. ದೊಡ್ಡವರ ನಾಳೆ ಅಷ್ಟು ಬೇಗ ಬರುವುದಿಲ್ಲ. ಆದರೆ ಹೆಂಗಸರು ಪೊರಕೆ ಹಿಡಿದು ಮತ್ತೆ ಕಚೇರಿಯ ಮುಂದೆ ಸುಮ್ಮನೆ ಹೋಗಿ ನಿಂತದ್ದೇ ತಡ, ಲಾರಿ ಬಂತು. ಜನರೇಟರು ಆಟದ ಮೈದಾನದ ಆಚೆ, ದಪ್ಪ ಗೋಡೆಯ ಒಂದು ಕೋಣೆಯೊಳಗೆ ಹೋಗಿ ಕೂತಿತು. ಶ್ ಸಾರ್ ತಪ್ಪಾಯಿತು ಅನ್ನಲಿಲ್ಲ. ಕಹಳೆ ಎದುರಾದರೆ ದಾರಿ ಬದಲಿಸುತ್ತಿದ್ದರು. ಮಂಡಿಯ ಗಾಯ ಮಾಗಿತು, ಕಲೆ ಉಳಿಯಿತು. ನೆಲಕ್ಕೆ ಕೂರುವಾಗ ಈಗಲೂ ಅವಳು ಒಂದು ಸಲ ಅಮ್ಮಾ ಅನ್ನುತ್ತಾಳೆ.

ಮಗಳ ಗೆಳತಿಯರಲ್ಲಿ ಕೆಲವರು ಅವಳ ಪಕ್ಕ ಕೂರುವುದನ್ನು ಬಿಟ್ಟರು. ಬಾಯಿಬಿಟ್ಟು ಏನೂ ಅನ್ನಲಿಲ್ಲ, ಬೆಂಚು ಬದಲಿಸಿದರು ಅಷ್ಟೆ. ಮಗಳು ಮನೆಯಲ್ಲಿ ಅದನ್ನು ಹೇಳಲಿಲ್ಲ. ಕಹಳೆಗೆ ಹೇಗೋ ಗೊತ್ತಾಯಿತು. "ಹೋಗೋರು ಹೋಗ್ಲಿ, ಬೆಂಚು ಅಗಲ ಆಯ್ತು" ಅಂದಳು.

ಒಂದು ಮಧ್ಯಾಹ್ನ ಹೆಂಗಸರು ಡಬ್ಬಿ ಬಿಚ್ಚಿ ಕೂತಿದ್ದಾಗ ಮಗಳು ಶೆಡ್ಡಿಗೆ ಬಂದಳು. ಜೊತೆಗೆ ಒಬ್ಬ ಹುಡುಗಿ. ಅವತ್ತು ಬೋರ್ಡಿನ ಪಕ್ಕ ಬಾಯಿ ತೆರೆದು ಫೋಟೋ ತೆಗೆಸಿಕೊಂಡವಳು. ಅವಳು ಮುದುಡಿಕೊಂಡು ತಗಡಿನ ಬಾಗಿಲಲ್ಲೇ ನಿಂತಳು. ತುಟಿಯೊಳಗೇ ಏನೋ ಅಂದಳು.

"ಜೋರಾಗಿ ಹೇಳೇ, ನಮ್ಮಮ್ಮನಿಗೆ ಕಿವಿ ಮಂದ" ಅಂದಳು ಮಗಳು.

ಹುಡುಗಿ ಸುತ್ತಲೂ ನೋಡಿದಳು. ಉಸಿರು ಎಳೆದುಕೊಂಡಳು. ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದಳು.

"ಊಟ ಆಯ್ತಾ ಅಮ್ಮಾ?"

ಎದುರಿನ ಕಟ್ಟಡದ ಕಿಟಕಿಗಳಲ್ಲಿ ತಲೆಗಳು ಕಾಣಿಸಿದವು. ಕಹಳೆ ಬಾಯೊಳಗಿನ ತುತ್ತು ನುಂಗಿದಳು. ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಅದಕ್ಕಿಂತ ಜೋರಾಗಿ ಹೇಳಿದಳು.

"ಆಗ್ತಾ ಇದೆ, ಬಾರೇ!"